ಮಾಳಿಗೆಗೆ ಮಣ್ಣು ಹಾಕುವ ಹೊತ್ತು

ರಾಯಚೂರಿನಲ್ಲಿ ಮಾನ್ವಿ ಬಸ್ಸು ಹತ್ತಿದಾಗ ಬೆಳಗಿನ ಎಂಟು ಗಂಟೆ. ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. 2025ರ ಏಪ್ರಿಲ್ ತಿಂಗಳು. ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಬಂದಿಳಿದು, ಮಂಡಾಳ ಒಗ್ಗರಣೆಯ ಜೊತೆ ಎರಡು ಮಿರ್ಚಿ ತಿಂದು ಬಸ್ ನಿಲ್ದಾಣಕ್ಕೆ ಬಂದಿದ್ದೆ. ನಾನು ಹೊರಟಿದ್ದು ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ಗೆ. ಅಲ್ಲಿ ವರ್ಷಗಳಿಂದ ಬೀಗ ಬಿದ್ದಿದ್ದ ಮಾಳಿಗೆ ಮನೆಯೊಂದನ್ನು ಬಾಡಿಗೆಗೆ ಹಿಡಿಯುವ ಮಾತಾಗಿತ್ತು. ಮನೆಯ ಬೀಗದ ಕೈ ನನ್ನ ಚೀಲದಲ್ಲಿತ್ತು.

ಆ ಮನೆಯ ಯಜಮಾನರನ್ನು ನಾನು ಕಂಡಿದ್ದು ಬೆಂಗಳೂರಿನಲ್ಲಿ. ನಮ್ಮ ಬೀದಿಯ ತುದಿಯಲ್ಲಿ ಏಳುತ್ತಿದ್ದ ಐದಂತಸ್ತಿನ ಕಟ್ಟಡಕ್ಕೆ ಗೌಂಡಿ ಕೆಲಸಕ್ಕೆ ಬಂದವರು ಅವರು. ಹೆಂಡತಿ, ಇಬ್ಬರು ಮಕ್ಕಳು, ಎಲ್ಲರೂ ಅದೇ ಜಾಗದ ತಗಡಿನ ಶೆಡ್ಡಿನಲ್ಲಿ. ಕುಡಿಯುವ ನೀರಿಗೆಂದು ನಮ್ಮನೆಗೆ ಬರುತ್ತಿದ್ದ ಆ ತಾಯಿಯ ಜೊತೆ ಮಾತು ಬೆಳೆದು, ಆಮೇಲೆ ಅವರ ಗಂಡನೂ ಗೇಟಿನ ಬಳಿ ನಿಂತು ಊರಿನ ಸುದ್ದಿ ಹೇಳತೊಡಗಿದರು. "ನಮ್ದು ಐದಂಕಣದ ಮನಿ ರೀ ಅಕ್ಕಾರ. ಸಾಗವಾನಿ ಕಂಬ. ನಮ್ಮ ಮುತ್ಯಾ ಕಟ್ಟಿಸಿದ್ದು. ಈಗ ಬೀಗ ಹಾಕಿ ಬಂದೀವಿ" ಎಂದರು ಒಂದು ಸಂಜೆ. ಸಾಗವಾನಿ ಕಂಬದ ಮನೆಯನ್ನು ಬೀಗ ಹಾಕಿಟ್ಟು, ಮಧ್ಯಾಹ್ನ ಕುಲುಮೆಯಾಗುವ ತಗಡಿನ ಕೆಳಗೆ ಮಕ್ಕಳನ್ನು ಮಲಗಿಸುವ ಈ ಬಾಳು ನನ್ನನ್ನು ಬಹಳ ದಿನ ಕಾಡಿತು. ಕೊನೆಗೆ ಕೇಳಿಯೇಬಿಟ್ಟೆ, ಆ ಮನೆ ನನಗೆ ಬಾಡಿಗೆಗೆ ಕೊಡುತ್ತೀರಾ ಎಂದು. ಅವರು ನನ್ನ ಮುಖವನ್ನೇ ನೋಡಿದರು. "ಹಳ್ಳ್ಯಾಗ ಬಾಡಿಗಿ ಯಾರು ಹಿಡೀತಾರ್ರಿ? ಮಾಸ್ತರ್‍ರು, ನರ್ಸಮ್ಮಾರು ಹಿಡೀತಾರ. ನೀವ್ ಏನ್ ಮಾಡಾವ್ರು ಅಲ್ಲಿ?"

ನಾನು ಮಾಡಬೇಕೆಂದಿದ್ದು ಇಷ್ಟೇ: ಅಲ್ಲಿ ಇರುವುದು, ಓದುವುದು ಬರೆಯುವುದು, ಆ ಮನೆಯ ಒಲೆ ಹೊತ್ತಿಸುವುದು. ಈ ಬಯಕೆ ಹುಟ್ಟಿದ್ದು ಮಾತ್ರ ಬಲು ದೂರದ ಕಡಲತಡಿಯ ಊರೊಂದರಲ್ಲಿ. ಪತಿಯ ಕೆಲಸದ ನಿಮಿತ್ತ ನಾವು ಕೆಲಕಾಲ ಜಪಾನಿನ ಹಿರೋಶಿಮಾ ಪ್ರಾಂತ್ಯದಲ್ಲಿದ್ದೆವು. ಅಲ್ಲಿ ಒನೊಮಿಚಿ ಎಂಬ ಊರಿದೆ. ಎದುರಿಗೆ ಮುಕಾಯಿಶಿಮಾ ದ್ವೀಪ, ನಡುವೆ ಹೊಳೆಯಷ್ಟೇ ಅಗಲದ ಸಮುದ್ರ, ಬೆನ್ನಿಗೆ ಗುಡ್ಡ. ಗುಡ್ಡದ ತುಂಬ ಕಲ್ಲಿನ ಮೆಟ್ಟಿಲ ಓಣಿಗಳು, ದೇಗುಲಗಳು, ಹೆಂಚಿನ ಮರದ ಮನೆಗಳು. ಆ ಮನೆಗಳಲ್ಲಿ ನೂರಾರು ಖಾಲಿ. ಕಾರು ಹೋಗದ ಓಣಿಗೆ ಆಂಬುಲೆನ್ಸೂ ಬರದು. ಕೆಡವಿ ಹೊಸದು ಕಟ್ಟೋಣವೆಂದರೆ, ನಿವೇಶನಕ್ಕೆ ನಾಲ್ಕು ಮೀಟರ್ ಅಗಲದ ರಸ್ತೆ ತಾಗಿರಬೇಕೆಂದು 1950ರ ಕಟ್ಟಡ ಕಾಯ್ದೆ ಹೇಳುತ್ತದೆ. ಮಕ್ಕಳು ಟೋಕಿಯೊ, ಒಸಾಕಾ ಸೇರಿದರು, ಮುದುಕರು ತೀರಿಕೊಂಡರು, ಮನೆ ಹಾಗೇ ನಿಂತಿತು. ಓಜು ಎಂಬ ದೊಡ್ಡ ನಿರ್ದೇಶಕ 1953ರಲ್ಲಿ ತೆಗೆದ 'ಟೋಕಿಯೊ ಸ್ಟೋರಿ' ಸಿನಿಮಾದಲ್ಲಿ ಮಕ್ಕಳನ್ನು ನೋಡಲು ಟೋಕಿಯೊಗೆ ಹೋಗುವ ವೃದ್ಧ ದಂಪತಿ ಇದೇ ಒನೊಮಿಚಿಯವರು. ಈಗ ಇಡೀ ಜಪಾನಿನಲ್ಲಿ ಖಾಲಿ ಮನೆಗಳ ಸಂಖ್ಯೆ, 2023ರ ಸಮೀಕ್ಷೆಯಂತೆ, ಸುಮಾರು 90 ಲಕ್ಷ. ಒಟ್ಟು ಮನೆಗಳಲ್ಲಿ ನೂರಕ್ಕೆ 13.8ರಷ್ಟು.

ಆ ಗುಡ್ಡದ ಮೇಲಿನ ಒಂದು ಮನೆಯಲ್ಲಿ ನಾವು ಬಾಡಿಗೆಗೆ ಇದ್ದೆವು. ಬಾಡಿಗೆ ಅತಿ ಕಡಿಮೆ, ರಿಪೇರಿ ನಮ್ಮ ಲೆಕ್ಕ. ಒಂದು ಕೋಣೆಯನ್ನು ಮಾಲೀಕರು ಬೀಗ ಹಾಕಿ ಇಟ್ಟುಕೊಂಡಿದ್ದರು. ಅದರಲ್ಲಿ ಅವರ ಹಿರಿಯರ ಪೂಜೆಯ ಕಪಾಟಿತ್ತು. ಜಪಾನಿನಲ್ಲಿ ಎಷ್ಟೋ ಮನೆಗಳು ಬಾಡಿಗೆಗೂ ಹೋಗದೆ, ಮಾರಾಟವೂ ಆಗದೆ ಉಳಿಯಲು ಈ ಕಪಾಟೇ ಒಂದು ಕಾರಣ. ದಿನಾ ಬೆಳಿಗ್ಗೆ ಎದ್ದು ಮರದ ಹೊರಬಾಗಿಲುಗಳನ್ನೆಲ್ಲ ಸರಿಸಿ ಗಾಳಿ ಆಡಿಸಬೇಕು, ಇಲ್ಲದಿದ್ದರೆ ಕಡಲ ತೇವಕ್ಕೆ ಚಾಪೆ ಬೂಸ್ಟು ಹಿಡಿಯುತ್ತದೆ ಎಂದು ಪಕ್ಕದ ಮನೆಯ ಹಿರಿಯಾಕೆ ಕಲಿಸಿದ್ದರು. ಜನ ಇರುವ ಮನೆ ಕೆಡುವುದಿಲ್ಲ, ಬಿಟ್ಟ ಮನೆ ನಾಲ್ಕೈದು ಮಳೆಗಾಲಕ್ಕೆ ಕೂತುಬಿಡುತ್ತದೆ. ಇದನ್ನು ನಾನು ಅಲ್ಲಿ ಕಣ್ಣಾರೆ ನೋಡಿದೆ. ಹಾಗೆ ನೋಡುವಾಗೆಲ್ಲ ನಮ್ಮ ಬಯಲುಸೀಮೆಯ ಬೀಗ ಬಿದ್ದ ಮನೆಗಳು ನೆನಪಾಗುತ್ತಿದ್ದವು.

ಬಸ್ಸು ನೀರಮಾನ್ವಿ ದಾಟಿತು. ಒಂದರ ಮೇಲೊಂದು ಕೂತ ಬಂಡೆಗಳ ಗುಡ್ಡ, ಅದರ ಕೆಳಗೆ ಎರೆಭೂಮಿ. ಹತ್ತಿ ಬಿಡಿಸಿದ ಹೊಲಗಳಲ್ಲಿ ಕಟ್ಟಿಗೆ ಇನ್ನೂ ನಿಂತಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮುಟ್ಟುವ ಕಡೆ ಭತ್ತ, ಮುಟ್ಟದ ಕಡೆ ಬರೀ ಬಿರುಕು ಬಿಟ್ಟ ನೆಲ. 227 ಕಿಲೋಮೀಟರ್ ಉದ್ದದ ಈ ಕಾಲುವೆಯ ಕೊನೆಭಾಗದವರು ಮಾನ್ವಿ, ಸಿರವಾರ, ರಾಯಚೂರಿನ ರೈತರು. ಮೇಲಿನವರು ಭತ್ತ ನೆಟ್ಟು ನೀರು ತಿರುವಿಕೊಂಡರೆ ಇವರ ಪಾಲಿಗೆ ಬರುವುದು ಪ್ರತಿಭಟನೆಯ ಪೆಂಡಾಲು. ಹಿಂದಿನ ವರ್ಷ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದ ರಾತ್ರಿಯ ಮಾತು ಬಸ್ಸಿನಲ್ಲಿ ಇನ್ನೂ ನಡೆದಿತ್ತು. ಮಳೆ ಕೈಕೊಟ್ಟರೆ, ಕಾಲುವೆ ಒಣಗಿದರೆ ಗುಳೆ: ಬೆಂಗಳೂರು, ಹೈದರಾಬಾದು, ಪುಣೆ. ಕಾಲುವೆ ತುಂಬಿದರೂ ಎಕರೆ ಎರಡೆಕರೆಯವರಿಗೆ ಗುಳೆ ತಪ್ಪಿದ್ದಲ್ಲ.

ಮಾನ್ವಿಯಲ್ಲಿ ಇಳಿದಾಗ ಮುಂದಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಜಗನ್ನಾಥದಾಸರ ಮಂದಿರಕ್ಕೆ ಹೋಗಿ ಬಂದೆ. 'ಹರಿಕಥಾಮೃತಸಾರ' ಬರೆದ ದಾಸರು ಬಾಳಿದ್ದು ಈ ಊರಿನಲ್ಲೇ. ಅವರು ಹುಟ್ಟಿದ ಬ್ಯಾಗವಾಟ, ಅವರಿಗೂ ಹಿರಿಯರಾದ ವಿಜಯದಾಸರ ಚೀಕಲಪರ್ವಿ, ಎರಡೂ ಇದೇ ಸೀಮೆಯವು. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆ. ಮಾನ್ವಿಯಲ್ಲಿ ಭಕ್ತರು ಕೈಮುಗಿಯುವುದು ದಾಸರು ಬಾಳಿದ ಮನೆಯ ಒಂದು ಕಂಬಕ್ಕೆ. ಅದರಲ್ಲಿ ದಾಸರ ಸನ್ನಿಧಾನ ಇದೆ ಎಂಬುದು ನಂಬಿಕೆ. ಎರಡು ನೂರು ವರ್ಷಗಳ ಹಿಂದಿನ ಒಂದು ಸಂಸಾರದ ಮನೆ ಇವತ್ತಿಗೂ ನೆನಪಿನಲ್ಲಿ ನಿಂತಿರುವುದು ಒಂದು ಕಂಬದ ಆಸರೆಯಲ್ಲಿ. ನಾನು ಬಹಳ ಹೊತ್ತು ಅಲ್ಲೇ ಕೂತೆ.

ಹಿರೇಕೊಟ್ನೆಕಲ್ ತಲುಪಿದಾಗ ನಡುಹಗಲು. ಊರ ಮುಂದಿನ ಕಟ್ಟೆಯ ಮೇಲೆ ಕೂತವರು ಯಾರ ಮನೆಗೆ, ಯಾವ ಊರು, ಯಾರ ಪೈಕಿ ಎಂದು ಎಲ್ಲವನ್ನೂ ಕೇಳಿಯೇ ದಾರಿ ತೋರಿಸಿದರು. ಓಣಿಯಲ್ಲಿ ಹೊಸ ಸಿಮೆಂಟಿನ ಮನೆಗಳೂ ಇದ್ದವು, ಹಳೆಯ ಮಾಳಿಗೆಗಳೂ ಇದ್ದವು. ಹಳೆಯವುಗಳಲ್ಲಿ ಬೀಗ ಬಿದ್ದವನ್ನು ಗುರುತಿಸುವುದು ಸುಲಭ. ಬಾಗಿಲಿಗೆ ಅಡ್ಡ ಜಾಲಿಮುಳ್ಳು ಒತ್ತಿರುತ್ತಾರೆ, ಕಟ್ಟೆಯ ಮೇಲೆ ಆಡಿನ ಹಿಕ್ಕೆ ಬಿದ್ದಿರುತ್ತದೆ.

ಎದುರು ಮನೆಯ ಅವ್ವ ಹೊರಗೆ ಬಂದರು. ಗೌಂಡಿ ಮೊದಲೇ ಫೋನು ಮಾಡಿ ಹೇಳಿದ್ದರು. "ಬಾ ಯವ್ವಾ, ನೆಳ್ಳಿಗೆ ಬಾ. ಒಬ್ಬಾಕಿನೇ ಬಂದಿ ಏನು? ಗಂಡ, ಮಕ್ಳು?" ಎಂದು ಕೇಳುತ್ತಲೇ ತಂಬಿಗೆ ನೀರು ಕೊಟ್ಟರು. ನಾನು ಉತ್ತರ ಹೇಳುವುದರೊಳಗೆ ಮುಳ್ಳು ಸರಿಸಲು ಹುಡುಗನನ್ನು ಕರೆದಿದ್ದರು. ಬೀಗ ತಿರುಗಲಿಲ್ಲ. ಅವ್ವ ಒಳಗೆ ಹೋಗಿ ಕುಸುಬೆ ಎಣ್ಣೆ ತಂದು ನಾಲ್ಕು ಹನಿ ಬಿಟ್ಟರು. ಸ್ವಲ್ಪ ತಡೆದು ತಿರುವಿದರೆ ಬೀಗ ಬಂತು.

ಒಳಗೆ ಕಾಲಿಟ್ಟ ಕೂಡಲೇ ತಂಪು. ಹೊರಗೆ ಉರಿ ಬಿಸಿಲು, ಒಳಗೆ ಬಾವಿಯ ಮೆಟ್ಟಿಲಿಳಿದಷ್ಟು ತಂಪು. ಕಲ್ಲು ಮಣ್ಣಿನ ಗೋಡೆ ಎರಡು ಮೊಳ ದಪ್ಪ. ಮುಂದಿನ ಅಂಕಣ ತಗ್ಗಿನಲ್ಲಿತ್ತು, ಅದು ದನ ಕಟ್ಟುವ ಜಾಗ. ಗ್ವಾದಲಿ ಹಾಗೇ ಇತ್ತು, ಅದರಲ್ಲಿ ಹಳೇ ಸೊಪ್ಪೆಯ ಪುಡಿ. ಎರಡು ಮೆಟ್ಟಿಲು ಏರಿದರೆ ಪಡಸಾಲೆ. ಅದರ ಆಚೆ ಅಡುಗೆಯ ಒಲೆ, ಬಲಕ್ಕೆ ದೇವರ ಜಗಲಿ, ಮೂಲೆಯಲ್ಲಿ ಕಾಳಿನ ಹಗೇವಿನ ಬಾಯಿ, ಅದರ ಮೇಲೆ ಚಪ್ಪಡಿ. ಬೆಳಕು ಬರುವುದು ಮಾಳಿಗೆಯಲ್ಲಿ ತೆರೆದ ಬೆಳಕಿಂಡಿಯಿಂದ. ಅದಕ್ಕೆ ಯಾರೋ ತಗಡು ಮುಚ್ಚಿ ಕಲ್ಲು ಹೇರಿದ್ದರು. ಹುಡುಗ ಮೇಲೆ ಹತ್ತಿ ಕಲ್ಲು ತೆಗೆದ. ಬೆಳಕಿನ ಕೋಲೊಂದು ನೇರ ಪಡಸಾಲೆಗೆ ಇಳಿಯಿತು, ಅದರಲ್ಲಿ ಧೂಳು ಏಳತೊಡಗಿತು. ಆಗ ಕಂಬಗಳು ಕಂಡವು.

ಎದೆಮಟ್ಟದವರೆಗೆ ಚೌಕ, ಮೇಲೆ ಎಂಟು ಪಟ್ಟಿ. ತಲೆಯ ಮೇಲೆ ಬೋದಿಗೆ, ಬೋದಿಗೆಯ ಎರಡೂ ತುದಿಗೆ ಬಾಳೆಮೊಗ್ಗಿನಂತೆ ಇಳಿಬಿದ್ದ ಕೆತ್ತನೆ. ಒಂದು ಕಂಬದಲ್ಲಿ ಮಗುವಿನ ಎತ್ತರಕ್ಕೆ ಮರ ನುಣುಪಾಗಿತ್ತು. ಅದೇ ಕಂಬಕ್ಕೆ ಒರಗಿ ಮೂರು ತಲೆಮಾರಿನ ಮಕ್ಕಳು ಉಂಡಿರಬೇಕು. ಕಂಬಗಳ ಬುಡ ಮಣ್ಣಿಗೆ ತಾಗಿರಲಿಲ್ಲ, ಒಂದೊಂದೂ ಕೆತ್ತಿದ ಕಲ್ಲಿನ ಮೇಲೆ ನಿಂತಿತ್ತು. ಒನೊಮಿಚಿಯ ಮನೆಯಲ್ಲೂ ಹೀಗೆಯೇ ಕಂಬಗಳನ್ನು ಕಲ್ಲಿನ ಮೇಲೆ ನಿಲ್ಲಿಸಿದ್ದರು. ಅಲ್ಲಿ ತೇವಕ್ಕೆ ಅಂಜಿ, ಇಲ್ಲಿ ಗೆದ್ದಲಿಗೆ ಅಂಜಿ.

ಆಮೇಲೆ ಮನೆ ನೋಡಲು ಬಂದ ಬಡಿಗೇರ ಅಜ್ಜ ಗೋಡೆ ಬಡಿಯಲೇ ಇಲ್ಲ, ಕಂಬಗಳನ್ನೇ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟ. "ಗ್ವಾಡಿ ಬಿದ್ರೂ ಈ ಮನಿ ನಿಂದ್ರತದ ತಂಗಿ. ಭಾರ ಎಲ್ಲಾ ಕಂಬದ ಮ್ಯಾಲ ಅದ" ಎಂದ. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಸೀಳಿದ ಕಟ್ಟಿಗೆ, ಅದರ ಮೇಲೆ ತೊಗರಿಕಟ್ಟಿಗೆ, ಬೇವಿನ ತೊಪ್ಪಲು, ಆಮೇಲೆ ಮಣ್ಣು. ಒಲೆಯ ಮೇಲಿನ ಜಂತಿಗಳು ಹೊಗೆಗೆ ಕರಿಹಿಡಿದು ಗಟ್ಟಿಯಾಗಿದ್ದವು. ಒಲೆಯಿಂದ ದೂರದ ಐದನೇ ಅಂಕಣದಲ್ಲಿ ತೊಲೆಯೊಂದರ ತುದಿ ಮೆತ್ತಗಾಗಿತ್ತು. ಅಜ್ಜ ಉಗುರು ಊರಿದರೆ ಒಳಗೆ ಹೋಯಿತು. "ಮ್ಯಾಲಿಂದ ನೀರ್ ಇಳದದ. ಬಿಟ್ಟ ಮನಿ ನೋಡು, ಮಾಳಗಿಗೆ ಮಣ್ಣು ಹಾಕಾವ್ರು ಯಾರು?"

ಈ ಮಾತಿಗೆ ಬರುವ ಮೊದಲು ಕರಾರಿನ ಕತೆ ಹೇಳಬೇಕು. ಮನೆ ಗೌಂಡಿ ಒಬ್ಬರದಲ್ಲ. ಹೈದರಾಬಾದಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುವ ಅವರ ತಮ್ಮನಿಗೂ ಪಾಲಿದೆ, ಪಾಲು ಇನ್ನೂ ಹಂಚಿಲ್ಲ. ತಮ್ಮ ಫೋನಿನಲ್ಲಿ ಖಡಾಖಂಡಿತವಾಗಿ ಬೇಡ ಎಂದರು. ಬಾಡಿಗೆಗೆ ಬಂದವರು ನಾಳೆ ಮನೆ ಬಿಡದಿದ್ದರೆ? ದೇವರ ಜಗಲಿಗೆ ಯಾರು ದೀಪ ಹಚ್ಚುತ್ತಾರೆ? ಹಬ್ಬಕ್ಕೆ ಊರಿಗೆ ಬಂದರೆ ನಾವು ಎಲ್ಲಿ ಇಳಿಯುವುದು? ಮೂರೂ ನ್ಯಾಯವಾದ ಪ್ರಶ್ನೆಗಳೇ. ಜಪಾನಿನ ಮಾಲೀಕರೂ ಬಾಡಿಗೆದಾರ ಬಿಡಲಾರನೆಂಬ ಹೆದರಿಕೆಯಿಂದಲೇ ಮನೆ ಖಾಲಿ ಬಿಡುತ್ತಿದ್ದರು. ಅವಧಿ ಮುಗಿದ ಕೂಡಲೇ ಕರಾರು ತಾನಾಗಿ ಮುಗಿಯುವಂಥ ಬಾಡಿಗೆ ಪದ್ಧತಿಯನ್ನು ಅಲ್ಲಿ 2000ರಲ್ಲಿ ಕಾನೂನಿಗೆ ತಂದರು. ನಮ್ಮಲ್ಲಿ ಅದಕ್ಕೆ ಇರುವುದು ಹನ್ನೊಂದು ತಿಂಗಳ ಬಾಂಡು. ವರ್ಷ ಮೀರಿದ ಗೇಣಿ-ಬಾಡಿಗೆ ಪತ್ರ ನೋಂದಣಿ ಆಗಲೇಬೇಕು ಎನ್ನುತ್ತದೆ 1908ರ ಕಾಯ್ದೆ, ಅದಕ್ಕೇ ಊರೂರಿನಲ್ಲೂ ಹನ್ನೊಂದು ತಿಂಗಳ ಲೆಕ್ಕ. ಕೊನೆಗೆ ತಮ್ಮನೂ ಒಪ್ಪಿದರು, ಮಾನ್ವಿಯಲ್ಲಿ ಬಾಂಡ್ ಪೇಪರು ಬರೆಸಿದೆವು. ಮೂರು ಮಾತು ಕೈಬರಹದಲ್ಲಿ ಸೇರಿಸಿದೆವು: ಜಗಲಿಗೆ ಸಂಜೆ ದೀಪ ನಾನು ಹಚ್ಚಬೇಕು. ಮೊಹರಮ್ಮಿಗೆ, ಉಗಾದಿಗೆ ಮನೆ ಅವರದು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ನಾನು ಹಾಕಿಸಬೇಕು. ಬಾಡಿಗೆಯ ಮೊತ್ತಕ್ಕಿಂತ ಈ ಮೂರು ಮಾತಿಗೆ ಅಣ್ಣತಮ್ಮಂದಿರು ಹೆಚ್ಚು ಹೊತ್ತು ಮಾತಾಡಿದ್ದರು.

ಮನೆಯ ಉತಾರಕ್ಕೆಂದು ಪಂಚಾಯಿತಿ ಕಚೇರಿಗೂ ಹೋಗಿದ್ದೆ. ಯಾವ ಆಸ್ತಿ ಯಾರ ಹೆಸರಿಗಿದೆ, ಕಂದಾಯ ಎಷ್ಟು ಎಂಬುದೆಲ್ಲ ಇ-ಸ್ವತ್ತಿನಲ್ಲಿ ದಾಖಲಾಗುತ್ತದೆ. ಯಾವ ಮನೆಯಲ್ಲಿ ಜನರಿದ್ದಾರೆ, ಯಾವುದು ಖಾಲಿ ಎಂಬುದಕ್ಕೆ ಅಲ್ಲಿ ಕಾಲಮ್ಮಿಲ್ಲ. 2011ರ ಜನಗಣತಿಯಲ್ಲಿ ದೇಶದ ಸುಮಾರು 33 ಕೋಟಿ ಕಟ್ಟಡಗಳ ಪೈಕಿ 2.46 ಕೋಟಿ ಖಾಲಿ ಎಂದು ಬರೆದುಕೊಂಡರು, ಅಲ್ಲಿಗೆ ಆ ಮಾತು ಮುಗಿಯಿತು. ಒನೊಮಿಚಿಯಲ್ಲಿ 2007ರಲ್ಲಿ ಊರಿನವರೇ ಸೇರಿ ಖಾಲಿ ಮನೆಗಳನ್ನು ಎತ್ತಿ ನಿಲ್ಲಿಸುವ ಸಂಘ ಕಟ್ಟಿದರು. ಮನೆ ಹುಡುಕುವವರಿಗೂ ಮನೆ ಇರುವವರಿಗೂ ನಡುವೆ ನಿಂತರು, ಸುಣ್ಣ ಸಾರಣೆಯನ್ನು ಎಳೆಯರಿಗೆ ಕಲಿಸಿದರು, ಸಾಮಾನು ಹೊತ್ತು ಮೆಟ್ಟಿಲು ಹತ್ತಲು ಜನ ಕೂಡಿಸಿದರು. ಜಪಾನಿನ ನೂರಾರು ನಗರಸಭೆಗಳು ಖಾಲಿ ಮನೆಗಳ ಪಟ್ಟಿ ಇಡುತ್ತವೆ. ನಮ್ಮ ಪಂಚಾಯಿತಿಗಳಿಗೆ ಇದೇನೂ ಕಷ್ಟದ ಕೆಲಸವಲ್ಲ. ಊರಿಗೆ ಹೊಸದಾಗಿ ಬರುವ ಶಿಕ್ಷಕಿಗೆ, ನರ್ಸಿಗೆ, ಬ್ಯಾಂಕಿನ ಹುಡುಗನಿಗೆ ಮನೆ ಬೇಕು. ಅವರೆಲ್ಲ ಮಾನ್ವಿಯಲ್ಲಿ ಕೋಣೆ ಹಿಡಿದು ದಿನಾ ಬಸ್ಸಿನಲ್ಲಿ ಓಡಾಡುತ್ತಾರೆ. ಇಲ್ಲಿ ಮನೆಗಳು ಬೀಗ ಹಾಕಿಕೊಂಡು ಬೀಳುತ್ತಿವೆ. ನಡುವೆ ನಿಂತು ಒಂದು ಪಟ್ಟಿ, ಒಂದು ನಂಬಿಕೆಯ ಕರಾರು ಮಾಡಿಸುವವರು ಬೇಕು, ಅಷ್ಟೇ.

ಸರಕಾರದ ಕಣ್ಣಿಗೆ ಮಣ್ಣಿನ ಮಾಳಿಗೆ 'ಕಚ್ಚಾ ಮನೆ'. ವಸತಿ ಯೋಜನೆಯ ಹಣ ಬರುವುದು ಹೊಸದಾಗಿ ಪಕ್ಕಾ ಮನೆ ಕಟ್ಟುವವರಿಗೆ. ತಲೆಯ ಮೇಲೆ ಸೂರು ಇಲ್ಲದವರಿಗೆ ಆ ಹಣ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯ ಮನೆಯ ಒಂದು ತೊಲೆ ಬದಲಿಸಲು ಆ ಹಣ ಸಿಗುವುದಿಲ್ಲ. ಹಾಗಾಗಿ ತೊಲೆ ಮೆತ್ತಗಾದ ಮನೆಯನ್ನು ಕೆಡವುತ್ತಾರೆ. ಕೆಡವುವ ಸುದ್ದಿ ಹೇಗೋ ತಲುಪಿ, ಹಳೇ ಕಂಬ ಕೊಳ್ಳುವವರು ಗಾಡಿ ತರುತ್ತಾರೆ. ಎರಡು ಓಣಿ ಆಚೆ ಅಂಥ ಒಂದು ಮನೆ ನೋಡಿದೆ. ನಾಲ್ಕು ಗೋಡೆ ನಿಂತಿದ್ದವು, ನಡುವೆ ಕಂಬವಿದ್ದ ಕಲ್ಲುಗಳು ಮಾತ್ರ ಸಾಲಾಗಿ ಉಳಿದಿದ್ದವು. ಆ ಕಂಬಗಳು ಈಗ ಯಾವ ಊರಿನ ರೆಸಾರ್ಟಿನಲ್ಲಿ ನಿಂತಿವೆಯೋ. ಬಡವನ ಮನೆಯಲ್ಲಿದ್ದಾಗ ಕಚ್ಚಾ ಎನಿಸಿಕೊಂಡದ್ದು ಉಳ್ಳವರ ಅಂಗಳದಲ್ಲಿ ಶೋಭೆಯಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೇ ತಿಂಗಳಲ್ಲಿ ಮಾಳಿಗೆಯ ಕೆಲಸ ಹಿಡಿದೆವು. ಎದುರು ಮನೆಯ ಅವ್ವನೇ ಮೇಸ್ತ್ರಿ. ಮೊದಲು ಹುಲ್ಲು ಕೀಳಬೇಕು. ಮಾಳಿಗೆಯ ಮೇಲೆ ಬೇವಿನ ಸಸಿ ಎದ್ದಿದ್ದವು, ಅವುಗಳ ಬೇರು ಇಳಿದ ಸಂದಿನಿಂದಲೇ ನೀರು ಒಳಗಿಳಿದು ಐದನೇ ಅಂಕಣದ ತೊಲೆ ತಿಂದಿತ್ತು. ಬೇರು ಸಮೇತ ಕಿತ್ತು, ಬಿರುಕು ಕೆದರಿ, ಹಸಿ ಮಣ್ಣು ತುರುಕಿ, ಮರದ ಬಡಿಗೆಯಿಂದ ಬಡಿದು ಕೂಡಿಸಬೇಕು. ಆಮೇಲೆ ಸವಳು.

ಸವಳು ಮಣ್ಣೆಂದರೆ ಬೆಳೆಯೇ ಬಾರದ ಉಪ್ಪು ಹತ್ತಿದ ಮಣ್ಣು. ಹೊಲದಲ್ಲಿ ರೈತ ಇದನ್ನು ಕಂಡರೆ ನಿಟ್ಟುಸಿರು ಬಿಡುತ್ತಾನೆ. ಕಾಲುವೆ ಬಂದು, ಎರೆಭೂಮಿಗೆ ವರ್ಷವಿಡೀ ನೀರು ನಿಲ್ಲಿಸಿ ಭತ್ತ ಬೆಳೆದದ್ದರಿಂದ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸಾವಿರಾರು ಎಕರೆ ಸವಳು-ಜವಳಾಯಿತು. ಅದನ್ನು ಸುಧಾರಿಸುವುದು ಹೇಗೆಂದು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹಲವು ದಶಕಗಳಿಂದ ಕೆಲಸ ನಡೆದಿದೆ. ಅದೇ ಮಣ್ಣು ಮಾಳಿಗೆಗೆ ಛತ್ರಿ. ಅವ್ವ ನನ್ನೆದುರು ಎರಡು ಬಟ್ಟಲು ಇಟ್ಟರು. ಒಂದರಲ್ಲಿ ಹೊಲದ ಎರೆಮಣ್ಣು, ಇನ್ನೊಂದರಲ್ಲಿ ಬೂದಿಬಣ್ಣದ ಸವಳು. ಎರಡಕ್ಕೂ ನೀರು ಹುಯ್ದರು. ಎರೆಮಣ್ಣು ಗುಳುಗುಳು ಎಂದು ಕುಡಿದು ಉಬ್ಬಿತು. ಸವಳಿನ ಮೇಲೆ ನೀರು ಬಗ್ಗಡವಾಗಿ ನಿಂತೇ ಇತ್ತು. ಸಂಜೆ ನೋಡಿದರೂ ಅರ್ಧ ಬಟ್ಟಲು ನೀರು ಹಾಗೇ. ಉಪ್ಪಿನ ಸೋಡಿಯಂ ಮಣ್ಣಿನ ಕಣಗಳನ್ನು ಬಿಡಿಬಿಡಿಯಾಗಿ ಹರಡುತ್ತದೆ, ಆ ನುಣ್ಣನೆಯ ಕಣಗಳು ಸಂದುಗಳಿಗೆಲ್ಲ ಕೂತು ನೀರಿನ ದಾರಿ ಮುಚ್ಚುತ್ತವೆ. ಹೊಲದಲ್ಲಿ ಬೇರಿಗೆ ಉಸಿರು ಕಟ್ಟಿಸುವ ಗುಣ ಇದೇ, ಮಾಳಿಗೆಯಲ್ಲಿ ಮಳೆಯನ್ನು ತಡೆಯುವ ಗುಣವೂ ಇದೇ. ಅವ್ವನಿಗೆ ಸೋಡಿಯಮ್ಮಿನ ಹೆಸರು ಬೇಕಿಲ್ಲ. ಯಾವ ತಗ್ಗಿನ ಸವಳು ಮಾಳಿಗೆಗೆ ಒಳ್ಳೆಯದು, ಯಾವುದು ಮಳೆಗೆ ತೊಳೆದುಹೋಗುತ್ತದೆ ಎಂಬುದನ್ನು ಅವರು ನಾಲಿಗೆಗೆ ಹಚ್ಚಿ ನೋಡಿ ಹೇಳುತ್ತಾರೆ.

ಟ್ರ್ಯಾಕ್ಟರಿನಲ್ಲಿ ಸವಳು ಬಂತು. ಬುಟ್ಟಿಯಿಂದ ಬುಟ್ಟಿಗೆ ಕೈಬದಲಿಸುತ್ತ ಏಣಿಯ ಮೇಲೆ ಸಾಗಿಸಿದೆವು. ಒಣ ಸವಳನ್ನೇ ನಾಲ್ಕು ಬೆರಳು ದಪ್ಪ ಹರಡಿ, ನೀರು ಹೊರಬೀಳುವ ಕೊಳವೆಯ ಕಡೆಗೆ ಇಳಿಜಾರು ಮಾಡಬೇಕು. ನೀರು ಚಿಮುಕಿಸಿ ಬಡಿಯಬೇಕು, ಉಳಿದದ್ದನ್ನು ಮೊದಲ ಮಳೆ ಮಾಡುತ್ತದೆ. ಓಣಿಯ ಹೆಣ್ಣುಮಕ್ಕಳು ಕೂಲಿಗೆ ಬಂದಿದ್ದರು, ಕೂಲಿಯ ಲೆಕ್ಕ ಮುಗಿದ ಮೇಲೂ ಹೋಗಲಿಲ್ಲ. "ಬೇಸಿಗ್ಯಾಗ ಮಾಳಗಿ ಮ್ಯಾಲ ಹತ್ತಿದ್ದು ಎಷ್ಟು ವರ್ಷಾತು! ಈಗ ಎಲ್ಲಾರೂ ಸ್ಲ್ಯಾಬ್ ಹಾಕ್ಯಾರ" ಎಂದು ಒಬ್ಬಾಕೆ ಬಡಿಗೆ ಹಿಡಿದು ತಾನೇ ಬಡಿಯತೊಡಗಿದಳು. ಆ ಮಧ್ಯಾಹ್ನ ಪುಂಡಿಪಲ್ಯ, ಜೋಳದ ರೊಟ್ಟಿ, ಶೇಂಗಾಚಟ್ನಿಯ ಬುತ್ತಿ ಬಿಚ್ಚಿ ಎಲ್ಲರೂ ಪಡಸಾಲೆಯಲ್ಲಿ ಕೂತು ಉಂಡೆವು.

ಆ ವರ್ಷ ಮಳೆ ಬೇಗ ಬಂತು. ಮೇ ತಿಂಗಳಲ್ಲೇ ಗುಡುಗಿ ಸುರಿಯಿತು. ರಾತ್ರಿ ಮಳೆ ಶುರುವಾದಾಗ ನಾನು ಬುಟ್ಟಿ, ಬೋಗುಣಿ, ಕೊಡ ಎಲ್ಲವನ್ನೂ ಸಾಲಾಗಿ ಇಟ್ಟುಕೊಂಡು ಕೂತಿದ್ದೆ. ಬೆಳಕಿಂಡಿಗೆ ತಗಡು ಮುಚ್ಚಿತ್ತು. ಐದನೇ ಅಂಕಣದಲ್ಲಿ ಒಂದು ಕಡೆ ಮಾತ್ರ ತೊಟ್ಟಿಕ್ಕಿತು, ಅದೂ ಸ್ವಲ್ಪ ಹೊತ್ತು. ಬೆಳಿಗ್ಗೆ ಅವ್ವ ಬಂದು ತಲೆ ಎತ್ತಿ ನೋಡಿ, "ಸವಳು ಕುಂತತಿ" ಎಂದು ಹೇಳಿ ಹೋದರು.

ಒಳಗಿನ ದಿನಗಳು ಒಂದೇ ಲಯಕ್ಕೆ ಬಿದ್ದವು. ಬೆಳಿಗ್ಗೆ ಸಗಣಿ ಸಾರಿಸುವುದು, ಒಲೆ, ಮಧ್ಯಾಹ್ನದ ಬಿಸಿಲಿಗೆ ಬಾಗಿಲು ಹಾಕಿ ಪಡಸಾಲೆಯಲ್ಲಿ ಓದು. ಗ್ಯಾಸು ತಂದಿದ್ದೆ, ಆದರೂ ದಿನಕ್ಕೊಮ್ಮೆಯಾದರೂ ಕಟ್ಟಿಗೆ ಒಲೆ ಹೊತ್ತಿಸಬೇಕೆಂದು ಬಡಿಗೇರ ಅಜ್ಜ ಕಟ್ಟುನಿಟ್ಟಾಗಿ ಹೇಳಿದ್ದ. ಹೊಗೆ ತಾಗದ ಜಂತಿಗೆ ಹುಳು ಬೀಳುತ್ತದೆ. ಸೆಖೆ ಹೆಚ್ಚಾದ ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ. ಅಕ್ಕಪಕ್ಕದ ಮಾಳಿಗೆಗಳಿಂದ ಮಾತು ದಾಟಿ ಬರುತ್ತಿತ್ತು. ಯಾರ ಮಗ ಪುಣೆಯಿಂದ ಫೋನು ಮಾಡಿದ, ಯಾರ ಮಗಳಿಗೆ ಹೆರಿಗೆಯಾಯಿತು, ಕಾಲುವೆಗೆ ನೀರು ಯಾವಾಗ.

ಜುಲೈ ಮೊದಲ ವಾರ ಮೊಹರಂ. ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಮೊಹರಂ ಎಂದರೆ ಮುಸ್ಲಿಮರ ಹಬ್ಬ ಮಾತ್ರ ಅಲ್ಲ, ಇಡೀ ಊರಿನದು. ಅಲಾಯಿ ಕುಣಿಗೆ ಬೆಂಕಿ ಹಾಕುವವರು, ಹರಕೆ ಹೊರುವವರು, ಹೆಜ್ಜೆ ಹಾಕುವವರು ಎಲ್ಲ ಜಾತಿಯವರೂ. ಗುಳೆ ಹೋದವರು ದೀಪಾವಳಿಗೆ ಬರದಿದ್ದರೂ ಈ ಹಬ್ಬಕ್ಕೆ ಬಂದೇ ಬರುತ್ತಾರೆ. ಕರಾರಿನಂತೆ ನಾನು ನನ್ನ ಹಾಸಿಗೆ, ಪುಸ್ತಕ ಎತ್ತಿಕೊಂಡು ಎದುರು ಮನೆಗೆ ಹೋದೆ. ಬೆಂಗಳೂರಿನಿಂದ ಗೌಂಡಿಯ ಸಂಸಾರ ಬಂತು. ಹೈದರಾಬಾದಿನಿಂದ ತಮ್ಮನ ಸಂಸಾರವೂ ಬಂತು. ತಗಡಿನ ಶೆಡ್ಡಿನಲ್ಲಿ ನೋಡಿದ್ದ ಮಕ್ಕಳು ಇಲ್ಲಿ ಕಂಬದಿಂದ ಕಂಬಕ್ಕೆ ಓಡುತ್ತ ಮುಟ್ಟಾಟ ಆಡಿದರು. ಅವರ ತಾಯಿ ಬಂದ ಗಳಿಗೆಯೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆಯ ಮುಂದೆ ಕೂತಳು. ಮಾದಲಿ ಮಾಡಿ ಮೊದಲ ಪಾಲು ನನಗೆ ಕಳಿಸಿದಳು.

ಫೋನಿನಲ್ಲಿ ಬೇಡ ಎಂದಿದ್ದ ತಮ್ಮ ಮಾತಿನ ಮನುಷ್ಯರಲ್ಲ. ಮೊದಲ ದಿನ ಒಂದು ಮಾತೂ ಆಡಲಿಲ್ಲ. ಮರುದಿನ ಬೆಳಿಗ್ಗೆ ಏಣಿ ಹಾಕಿ ಮಾಳಿಗೆ ಹತ್ತಿದರು. ಒಂದು ತುದಿಯಿಂದ ಇನ್ನೊಂದು ತುದಿಗೆ ಹಿಮ್ಮಡಿ ಊರಿ ನಡೆದರು, ಕೊಳವೆಯ ಬಾಯಿ ಬಗ್ಗಿ ನೋಡಿದರು, ಐದನೇ ಅಂಕಣದ ಮೇಲೆ ಕೂತು ಬೆರಳಿನಿಂದ ಸವಳು ಕೆದಕಿದರು. ಕೆಳಗಿಳಿದು ನನ್ನ ಕಡೆ ತಿರುಗಿ, "ಈ ಕಡಿ ಇನ್ನೊಂದು ಟ್ರಿಪ್ ಬೇಕಿತ್ತು ರೀ ಅಕ್ಕಾರ. ಮಣ್ಣು ತೆಳ್ಳಗ ಅದ" ಎಂದರು. ಆಮೇಲೆ ಒಳಗೆ ಹೋಗಿ ಮೆತ್ತಗಾದ ತೊಲೆಯ ಕೆಳಗೆ ನಿಂತು ಅಣ್ಣನನ್ನು ಕರೆದರು, ಬಡಿಗೇರ ಅಜ್ಜನನ್ನೂ ಕರೆಸಿದರು. ತೊಲೆ ಪೂರಾ ಬದಲಿಸಬೇಕೋ, ಕೆಟ್ಟ ತುದಿ ಕೊಯ್ದು ಹೊಸ ತುಂಡು ಕೂಡಿಸಿ ಕೆಳಗೆ ಒಂದು ಕಂಬ ಕೊಡಬೇಕೋ ಎಂದು ಮೂವರೂ ಬಹಳ ಹೊತ್ತು ವಾದ ಮಾಡಿದರು. ಸಾಗವಾನಿ ತುಟ್ಟಿ, ಬೇವು ಆಗುತ್ತದೆ ಎಂದ ಅಜ್ಜ. ಹೊಲದ ಬದುವಿನ ಬೇವಿನ ಮರ ಯಾರ ಪಾಲಿಗೆ ಬರುತ್ತದೆ ಎಂಬ ಹಳೇ ಮಾತೂ ಎದ್ದಿತು, ಅದೂ ಅಲ್ಲೇ ಬಗೆಹರಿಯಿತು. ಮರ ಕಡಿದು ಒಣಗಿಸಿ ದೀಪಾವಳಿಯ ಹೊತ್ತಿಗೆ ತೊಲೆ ಏರಿಸುವುದು, ಅರ್ಧ ಖರ್ಚು ತಮ್ಮನದು, ಉಳಿದರ್ಧಕ್ಕೆ ನನ್ನ ಬಾಡಿಗೆ ವಜಾ.

ಹೊರಡುವ ದಿನ ತಮ್ಮ ನನ್ನ ಬಳಿ ಬಂದು, "ಕೆಲಸ ನಡಿಯಾಗ ನೀವು ಇಲ್ಲೇ ಇರ್ರಿ. ಫೋನಿನ್ಯಾಗ ನನಗ ತೋರಸ್ರಿ. ಅಜ್ಜಗ ಕಣ್ಣು ಮೊದ್ಲಿನಂಗ ಕಾಣ್ಸಂಗಿಲ್ಲ, ಗುಣಿಯೊಳಗ ತೊಲಿ ಸರಿಯಾಗಿ ಕುಂತತೋ ಇಲ್ಲೋ ನೀವೇ ನೋಡಬೇಕು" ಎಂದರು. ಏನು ನೋಡಬೇಕೆಂದು ಕೇಳಿದೆ. ಬೋದಿಗೆಯ ಮೇಲೆ ಹಳೇ ತೊಲೆ ಕೂತ ಗುರುತನ್ನು ತೋರಿಸಿ, ಎಷ್ಟು ಬೆರಳು ಒಳಗೆ ಹೋಗಿರಬೇಕೆಂದು ನನ್ನ ಕೈಯಿಂದಲೇ ಅಳತೆ ಮಾಡಿಸಿದರು.